ಗೋವಾದಲ್ಲಿ ಪೋಕರ್ ಟೂರ್ನಮೆಂಟ್: ಒಂದು ದಿನ ಪೂರ್ತಿ ಮೇಜಿನಲ್ಲಿ ಕೂತು ಆಡುವುದು ಹೇಗೆ

ತುಮಕೂರು, ಗುಬ್ಬಿ, ತಿಪಟೂರು ಕಡೆಯ ಓದುಗರಿಂದ ಈಚೆಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಮೊಬೈಲಿನಲ್ಲಿ ಪೋಕರ್ ಕಲಿತಿದ್ದೆ, ಈಗ ಅದು ನಿಂತಿದೆ. ಗೋವಾಕ್ಕೆ ಹೋಗಿ ಟೂರ್ನಮೆಂಟ್ ಆಡಬೇಕು ಅಂತಿದ್ದೇನೆ. ಅಲ್ಲಿ ಒಂದು ದಿನ ಹೇಗೆ ನಡೆಯುತ್ತದೆ, ಏನು ತಯಾರಿ ಬೇಕು?" ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ತಂದ ಮೇಲೆ ಹೀಗೆ ಕೇಳುವವರು ಜಾಸ್ತಿಯಾದರು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಲೆಕ್ಕ ತಲೆಯಲ್ಲಿಟ್ಟುಕೊಳ್ಳಿ. ಎಲೆ ಹಂಚಿದಾಗಿನಿಂದ ಮಧ್ಯದ ಚಿಪ್ಸ್ (ಆಟದಲ್ಲಿ ಪಣಕ್ಕಿಡುವ ಬಿಲ್ಲೆಗಳು) ಒಬ್ಬರಿಗೆ ಸೇರುವವರೆಗೆ ಒಂದು ಕೈ. ಮನುಷ್ಯರು ಕೂತು ಆಡುವ ಮೇಜಿನಲ್ಲಿ ಗಂಟೆಗೆ ಸುಮಾರು 25ರಿಂದ 30 ಕೈ ಮಾತ್ರ ನಡೆಯುತ್ತವೆ. ಒಂಬತ್ತು ಹತ್ತು ಗಂಟೆ ಕೂತರೂ 250ರ ಆಸುಪಾಸು. ಎರಡು ಎಕ್ಕ ಒಟ್ಟಿಗೆ ಬರುವುದು 221 ಕೈಗೆ ಒಂದು ಸಲ, ಅಂದರೆ ಇಡೀ ದಿನಕ್ಕೆ ಒಂದು ಸಲ ಬಂದರೆ ಬಂತು. ಗುಲಾಮನ ಜೋಡಿ, ರಾಣಿ ಜೋಡಿ, ರಾಜನ ಜೋಡಿ, ಎಕ್ಕದ ಜೋಡಿ, ಎಕ್ಕ-ರಾಜ, ಇವೆಲ್ಲ ಸೇರಿದರೂ ದಿನಕ್ಕೆ ಏಳೆಂಟು ಸಲ. ಉಳಿದ 240 ಕೈಗಳಲ್ಲಿ ನೀವು ಏನು ಮಾಡುತ್ತೀರಿ ಅನ್ನುವುದರ ಮೇಲೆ ನಿಮ್ಮ ದಿನ ನಿಂತಿದೆ. ಅವುಗಳಲ್ಲಿ ಹೆಚ್ಚಿನವನ್ನು ಸುಮ್ನೆ ಕೆಳಗಿಡಬೇಕು. ಮೊಬೈಲಿನಲ್ಲಿ ಪಟಪಟ ಆಡಿ ರೂಢಿಯಾದವರಿಗೆ ಕಷ್ಟವಾಗುವುದು ಇದೇ.

ಹೊರಡುವ ಮೊದಲು: ಕಾನೂನು

ನಮ್ಮ ಕಡೆ ಯುಗಾದಿ, ಹೊಸತೊಡಕು ಬಂದರೆ ತೋಟದಲ್ಲಿ ಇಸ್ಪೀಟು ಶುರು. ದುಡ್ಡು ಕಟ್ಟಿ ಅಂದರ್ ಬಾಹರ್ ಆಡಿ ಸಿಕ್ಕಿಬಿದ್ದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಕೇಸಾಗುತ್ತದೆ. ಪೋಕರ್ ಕೌಶಲದ ಆಟ ಅನ್ನುವ ವಾದ ಕೋರ್ಟುಗಳಲ್ಲಿ ನಡೆದಿದೆ ನಿಜ, ಆದರೆ ಅದನ್ನು ನಂಬಿಕೊಂಡು ನಮ್ಮೂರಲ್ಲೇ ಯಾರದೋ ಫಾರ್ಮ್‌ಹೌಸಿನಲ್ಲಿ "ಟೂರ್ನಮೆಂಟ್ ಇದೆ ಬಾ" ಅಂದರೆ ಹೋಗಬೇಡಿ. ಅಲ್ಲಿ ಪೊಲೀಸರ ಭಯ ಮಾತ್ರ ಅಲ್ಲ, ಎಲೆ ಹಂಚುವವರು ಯಾರು, ದುಡ್ಡು ಯಾರ ಕೈಯಲ್ಲಿದೆ ಅನ್ನುವುದಕ್ಕೂ ಗ್ಯಾರಂಟಿ ಇಲ್ಲ.

ಗೋವಾದಲ್ಲಿ 1976ರ ಜೂಜು ಕಾಯ್ದೆಗೆ ಆಮೇಲೆ ತಂದ ತಿದ್ದುಪಡಿಗಳಿಂದ, ಪರವಾನಗಿ ಪಡೆದ ಪಂಚತಾರಾ ಹೋಟೆಲುಗಳಲ್ಲಿ ಮತ್ತು ಹಡಗುಗಳಲ್ಲಿ ಕ್ಯಾಸಿನೊ ನಡೆಯುತ್ತದೆ. ಪಣಜಿಯ ಮಾಂಡೋವಿ ನದಿಯಲ್ಲಿ ನಿಂತಿರುವ ಹಡಗುಗಳನ್ನು ನೀವು ಫೋಟೋದಲ್ಲಿ ನೋಡಿರುತ್ತೀರಿ. 21 ವರ್ಷ ತುಂಬಿರದವರನ್ನು ಒಳಗೆ ಬಿಡುವುದಿಲ್ಲ. 20 ವರ್ಷದ ತಮ್ಮನನ್ನು ಕರೆದುಕೊಂಡು ಹೋಗಿ ಬಾಗಿಲಲ್ಲಿ ವಾದ ಮಾಡಿ ಪ್ರಯೋಜನವಿಲ್ಲ.

ಹಂತ 1: ದುಡ್ಡು ತೆಗೆದಿಡಿ

ಹೋದರೂ ಪರವಾಗಿಲ್ಲ ಅನ್ನುವಷ್ಟು ದುಡ್ಡು ಮಾತ್ರ. ಇದನ್ನು ಸುಮ್ನೆ ಬುದ್ಧಿವಾದ ಅಂದುಕೊಳ್ಳಬೇಡಿ, ಲೆಕ್ಕವೇ ಹಾಗಿದೆ. ಟೂರ್ನಮೆಂಟುಗಳಲ್ಲಿ ಸಾಮಾನ್ಯವಾಗಿ ನೂರು ಜನ ಆಡಿದರೆ ಹತ್ತರಿಂದ ಹದಿನೈದು ಜನರಿಗೆ ಬಹುಮಾನ ಸಿಗುತ್ತದೆ, ಉಳಿದವರು ಬರಿಗೈಲಿ ಎದ್ದು ಹೋಗುತ್ತಾರೆ. ಬಹಳ ಚೆನ್ನಾಗಿ ಆಡುವವರಿಗೂ ಹತ್ತು ಹದಿನೈದು ಟೂರ್ನಮೆಂಟ್ ಸತತವಾಗಿ ಏನೂ ಸಿಗದೆ ಹೋಗುವುದು ಮಾಮೂಲು. ಅದಕ್ಕೇ ನಿಯಮಿತವಾಗಿ ಆಡುವವರು ಆಟಕ್ಕೆಂದೇ ಎತ್ತಿಟ್ಟ ದುಡ್ಡಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಒಂದು ಟೂರ್ನಮೆಂಟಿಗೆ ಹಾಕುತ್ತಾರೆ.

ಕೊಬ್ಬರಿ ಮಾರಿದ ದುಡ್ಡು, ರೇಷ್ಮೆಗೂಡಿನ ದುಡ್ಡು, ಟೊಮೆಟೊ ಲೋಡಿನ ದುಡ್ಡು, ಚೀಟಿ ಎತ್ತಿದ ದುಡ್ಡು, ಇವು ಯಾವುವೂ ಆಟದ ದುಡ್ಡಲ್ಲ. ಸಾಲವಂತೂ ಬೇಡವೇ ಬೇಡ. ಹೋದ ದುಡ್ಡನ್ನು ವಾಪಸ್ ತರಲೇಬೇಕು ಅಂತ ರಾತ್ರಿ ನಿದ್ದೆ ಬಾರದಿದ್ದರೆ, ಮನೆಯವರಿಗೆ ಸುಳ್ಳು ಹೇಳಿ ಆಡುವ ಮಟ್ಟಕ್ಕೆ ಬಂದಿದ್ದರೆ, ಈ ಲೇಖನ ಇಲ್ಲಿಗೇ ಬಿಟ್ಟು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಬಸ್ಸು, ರೂಮು, ಊಟದ ಖರ್ಚು ಬೇರೆ ತೆಗೆದಿಡಿ. ಇನ್ನೊಂದು ವಿಷಯ, ರೀ-ಎಂಟ್ರಿ. ಚಿಪ್ಸ್ ಎಲ್ಲ ಹೋದವರು ಮತ್ತೆ ಶುಲ್ಕ ಕಟ್ಟಿ ಹೊಸದಾಗಿ ಸೇರುವುದಕ್ಕೆ ಹಾಗೆನ್ನುತ್ತಾರೆ. ಎಷ್ಟು ಸಲ ಕಟ್ಟುತ್ತೀರಿ, ಅಥವಾ ಕಟ್ಟುವುದೇ ಇಲ್ಲವೇ ಅನ್ನುವುದನ್ನು ಮನೆಯಲ್ಲೇ ತೀರ್ಮಾನಿಸಿ. ಸೋತು ಎದ್ದ ಐದು ನಿಮಿಷದಲ್ಲಿ ಯಾರೂ ಸರಿಯಾಗಿ ಯೋಚನೆ ಮಾಡುವುದಿಲ್ಲ.

ಹಂತ 2: ಮನೆಯಲ್ಲಿ ಹುಣಸೆ ಬೀಜದಲ್ಲಿ ಕಲಿಯಿರಿ

ದುಡ್ಡು ಬೇಡ. ಹುಣಸೆ ಬೀಜ, ಕಡಲೆಕಾಯಿ, ಏನಾದರೂ ಸರಿ. ಬೀಜಕ್ಕೆ 100, ಕಡಲೆಕಾಯಿಗೆ 500 ಅಂತ ಬೆಲೆ ಇಟ್ಟುಕೊಂಡು ನಾಲ್ಕೈದು ಜನ ಕೂತು ಆಡಿ.

ಟೂರ್ನಮೆಂಟುಗಳಲ್ಲಿ ಹೆಚ್ಚಾಗಿ ಆಡುವುದು ಟೆಕ್ಸಸ್ ಹೋಲ್ಡೆಮ್. ನಿಮ್ಮ ಕೈಗೆ ಎರಡು ಎಲೆ. ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು ಎಲೆ: ಮೊದಲು ಮೂರು ಒಟ್ಟಿಗೆ (ಫ್ಲಾಪ್), ಆಮೇಲೆ ಒಂದು (ಟರ್ನ್), ಕೊನೆಗೆ ಒಂದು (ರಿವರ್). ಈ ಏಳರಲ್ಲಿ ಒಳ್ಳೆಯ ಐದು ಎಲೆ ಲೆಕ್ಕಕ್ಕೆ. ಮೇಲಿನಿಂದ ಕೆಳಕ್ಕೆ ಬೆಲೆ ಹೀಗೆ: ಒಂದೇ ಬಣ್ಣದ ಸಾಲು, ನಾಲ್ಕು ಒಂದೇ ಎಲೆ, ಫುಲ್ ಹೌಸ್ (ಮೂರು ಮತ್ತು ಜೋಡಿ), ಫ್ಲಶ್ (ಐದೂ ಒಂದೇ ಬಣ್ಣ), ಸ್ಟ್ರೈಟ್ (ಐದು ಸಾಲಾಗಿ), ಮೂರು ಒಂದೇ ಎಲೆ, ಎರಡು ಜೋಡಿ, ಒಂದು ಜೋಡಿ, ಬರೀ ದೊಡ್ಡ ಎಲೆ. ಬಣ್ಣ ಅಂದರೆ ಇಲ್ಲಿ ಇಸ್ಪೀಟು, ಆಟೀನು, ಡೈಮಂಡು, ಕಳಾವರ್. ಕೆಂಪು ಕಪ್ಪು ಅಲ್ಲ.

ಮೂರೆಲೆ ಆಡಿ ಬಂದವರು ಇಲ್ಲಿ ಎಡವುತ್ತಾರೆ. ಮೂರೆಲೆಯಲ್ಲಿ ಸೀಕ್ವೆನ್ಸ್ ಬಣ್ಣವನ್ನು ಹೊಡೆಯುತ್ತದೆ. ಪೋಕರಿನಲ್ಲಿ ಉಲ್ಟಾ, ಬಣ್ಣವೇ ಸಾಲಿಗಿಂತ ದೊಡ್ಡದು. ಮೇಜಿನಲ್ಲಿ ಚಿಪ್ಸ್ ಪೂರ್ತಿ ತಳ್ಳಿದ ಮೇಲೆ ಇದು ನೆನಪಾದರೆ ಏನು ಮಾಡುತ್ತೀರಿ? ಎಕ್ಕ-ಎರಡು-ಮೂರು-ನಾಲ್ಕು-ಐದು ಸಾಲಾಗುತ್ತದೆ. ರಾಣಿ-ರಾಜ-ಎಕ್ಕ-ಎರಡು-ಮೂರು ಆಗುವುದಿಲ್ಲ.

ಇನ್ನು ಕೆಲವು ಪದಗಳು. ಬಟನ್ ಅಂದರೆ ಆ ಕೈಗೆ ಎಲೆ ಹಂಚುವವರ ಜಾಗ ತೋರಿಸುವ ಬಿಲ್ಲೆ, ಅದು ಕೈ ಕೈಗೂ ಒಬ್ಬೊಬ್ಬರಂತೆ ಎಡಕ್ಕೆ ಸರಿಯುತ್ತದೆ. ಬಟನ್ನಿನ ಎಡಗಡೆಯ ಇಬ್ಬರು ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಹಾಕುವ ಚಿಪ್ಸ್‌ಗೆ ಬ್ಲೈಂಡ್ ಅನ್ನುತ್ತಾರೆ, ಸಣ್ಣದು ಮತ್ತು ದೊಡ್ಡದು. 100/200 ಅಂದರೆ ಸಣ್ಣದು 100, ದೊಡ್ಡದು 200. ಇದರ ಜೊತೆಗೆ ಆ್ಯಂಟಿ ಅಂತ ಇನ್ನೊಂದು ಕಡ್ಡಾಯ ಪಾಲು ಇರುತ್ತದೆ, ಈಗ ಹೆಚ್ಚಿನ ಕಡೆ ದೊಡ್ಡ ಬ್ಲೈಂಡ್‌ನಲ್ಲಿ ಕೂತವರೇ ಇಡೀ ಮೇಜಿನ ಪರವಾಗಿ ಹಾಕುತ್ತಾರೆ. ಮೇಲೇರಿಸುವುದು ರೇಸ್, ಸಮ ಮಾಡುವುದು ಕಾಲ್, ಏನೂ ಹಾಕದೆ ಮುಂದಕ್ಕೆ ಬಿಡುವುದು ಚೆಕ್, ಎಲೆ ಕೆಳಗಿಡುವುದು ಫೋಲ್ಡ್. ನಮ್ಮವರು "ಪ್ಯಾಕ್" ಅನ್ನುವುದು ಇದಕ್ಕೇ.

ಹಂತ 3: ಪ್ರಯಾಣ ಮತ್ತು ಕಾಗದ

ಬೆಂಗಳೂರಿನಿಂದ ಗೋವಾಕ್ಕೆ ಹೋಗುವ ರಾತ್ರಿ ಬಸ್ಸುಗಳು ತುಮಕೂರಿನ ಮೇಲೇ ಹೋಗುತ್ತವೆ. ಯಶವಂತಪುರ-ವಾಸ್ಕೋ ರೈಲಿನ ದಾರಿಯೂ ಇದೇ. ಕೋಲಾರ, ಚಿಕ್ಕಬಳ್ಳಾಪುರದವರು ಬೆಂಗಳೂರಿಗೆ ಬಂದು ಹತ್ತಬೇಕು. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬೆಳಗ್ಗೆ ಇಳಿದು ಅದೇ ದಿನ ಆಡಲು ಹೋಗಬೇಡಿ. ಒಂದು ದಿನ ಮುಂಚೆ ತಲುಪಿ, ಮಲಗಿ, ಆಮೇಲೆ ಆಡಿ. ಸಂಜೆ ಏಳರ ಹೊತ್ತಿಗೆ ಇದರ ಬೆಲೆ ಗೊತ್ತಾಗುತ್ತದೆ.

ವಿಳಾಸ ಮತ್ತು ಹುಟ್ಟಿದ ದಿನ ಇರುವ ಗುರುತಿನ ಚೀಟಿ ಮತ್ತು ಪ್ಯಾನ್ ಕಾರ್ಡ್, ಎರಡೂ ಅಸಲಿ ಇಟ್ಟುಕೊಳ್ಳಿ. ತೆಳ್ಳನೆಯ ಸ್ವೆಟರ್ ಒಂದು ಬೇಕು, ಎ.ಸಿ. ಹಾಲಿನಲ್ಲಿ ಹತ್ತು ಗಂಟೆ ಕೂರುವುದು ತಮಾಷೆಯಲ್ಲ.

ಮುಖ್ಯವಾಗಿ ಟೂರ್ನಮೆಂಟಿನ ಸ್ಟ್ರಕ್ಚರ್ ಹಾಳೆಯನ್ನು ಮೊದಲೇ ತರಿಸಿಕೊಂಡು ಓದಿ. ಶುರುವಿನ ಚಿಪ್ಸ್ ಎಷ್ಟು, ಬ್ಲೈಂಡ್ ಎಷ್ಟು ನಿಮಿಷಕ್ಕೆ ಏರುತ್ತದೆ, ತಡವಾಗಿ ಸೇರಲು ಎಲ್ಲಿಯವರೆಗೆ ಅವಕಾಶ, ಎಲ್ಲ ಅದರಲ್ಲಿರುತ್ತದೆ. ಪ್ರವೇಶ ಶುಲ್ಕದಲ್ಲಿ ಬಹುಮಾನಕ್ಕೆ ಹೋಗುವುದು ಎಷ್ಟು, ನಡೆಸುವವರ ಪಾಲು ಮತ್ತು ಜಿ.ಎಸ್.ಟಿ. ಎಷ್ಟು ಅಂತಲೂ ನೋಡಿ. ಬ್ಲೈಂಡ್ 15 ನಿಮಿಷಕ್ಕೆ ಏರಿದರೆ ಅದು ಅದೃಷ್ಟದ ಓಟ, ಮೊದಲ ಸಲ ಹೋಗುವವರು 30 ನಿಮಿಷ ಅಥವಾ ಜಾಸ್ತಿ ಇರುವುದನ್ನೇ ಆರಿಸಿ.

ಹಂತ 4: ಸೀಟಿನಲ್ಲಿ ಕೂತ ಮೇಲೆ ಮೇಜಿನ ನಿಯಮ

ಹೊಸಬರು ಚಿಪ್ಸ್ ಕಳೆದುಕೊಳ್ಳುವುದು ಬರೀ ಕೆಟ್ಟ ಆಟದಿಂದಲ್ಲ, ನಿಯಮ ಗೊತ್ತಿಲ್ಲದೆಯೂ ಕಳೆದುಕೊಳ್ಳುತ್ತಾರೆ. ಮೊಬೈಲಿನಲ್ಲಿ ಬಟನ್ ಒತ್ತಿದರೆ ಸಾಕಿತ್ತು. ಇಲ್ಲಿ ನಿಮ್ಮ ಕೈ, ನಿಮ್ಮ ಬಾಯಿ ಎರಡೂ ಲೆಕ್ಕಕ್ಕೆ ಬರುತ್ತವೆ. ಹೆಚ್ಚಿನ ಕಡೆ 2001ರಲ್ಲಿ ಶುರುವಾದ ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್ ರೂಪಿಸಿದ ನಿಯಮಗಳನ್ನೇ ಪಾಲಿಸುತ್ತಾರೆ, ಚಿಕ್ಕಪುಟ್ಟ ಬದಲಾವಣೆ ಇದ್ದರೆ ಮೊದಲೇ ಹೇಳುತ್ತಾರೆ.

ಒಂದೇ ಚಿಪ್ಪಿನ ನಿಯಮ ಮೊದಲು ತಿಳಿಯಿರಿ. ಎದುರಿನವರು 600 ಹಾಕಿದ್ದಾರೆ. ನೀವು ಮೇಲೇರಿಸಬೇಕು ಅಂತ ಮಾತಾಡದೆ 5,000ದ ಒಂದು ಚಿಪ್ ಮುಂದಿಡುತ್ತೀರಿ. ಅದು ರೇಸ್ ಆಗುವುದಿಲ್ಲ, 600ಕ್ಕೆ ಕಾಲ್ ಅಷ್ಟೇ. ಹಾಗಾಗಿ ಏರಿಸಬೇಕೆಂದರೆ ಮೊದಲು "ರೇಸ್" ಅಂತ ಬಾಯಿಬಿಟ್ಟು ಮೊತ್ತ ಹೇಳಿ, ಆಮೇಲೆ ಚಿಪ್ಸ್ ಇಡಿ. ಇದೊಂದು ರೂಢಿ ಮಾಡಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ.

ಸಿನಿಮಾದಲ್ಲಿ ನೋಡಿದಂತೆ "ನಿಮ್ಮ 600, ಮೇಲೆ ಇನ್ನೊಂದು 2,000" ಅಂತ ಎರಡು ಸಲ ಕೈ ಚಾಚಿ ಹಾಕುವ ಹಾಗಿಲ್ಲ. ಮೊದಲು ಹಾಕಿದ್ದು ಮಾತ್ರ ಲೆಕ್ಕ. ಕಡಿಮೆ ಅಂದರೆ ಎಷ್ಟು ಏರಿಸಬೇಕು ಅನ್ನುವುದಕ್ಕೂ ಲೆಕ್ಕ ಇದೆ: ಹಿಂದಿನವರು 200ರಿಂದ 600ಕ್ಕೆ ಏರಿಸಿದರೆ ಅವರು ಸೇರಿಸಿದ್ದು 400, ಹಾಗಾಗಿ ನೀವು ಕನಿಷ್ಠ 1,000 ಮಾಡಬೇಕು.

ನಿಮ್ಮ ಎರಡು ಎಲೆಯ ಮೇಲೆ ಒಂದು ಚಿಪ್ ಇಟ್ಟಿರಿ. ಕಾಪಾಡಿಕೊಳ್ಳದ ಎಲೆಯನ್ನು ಡೀಲರ್ (ಕ್ಯಾಸಿನೊ ಪರವಾಗಿ ಎಲೆ ಹಂಚುವವರು) ತಪ್ಪಿ ಎತ್ತಿಕೊಂಡು ಬಿಟ್ಟಿದ್ದ ಎಲೆಗಳ ಜೊತೆ ಸೇರಿಸಿದರೆ ಅದು ನಿಮ್ಮ ನಷ್ಟವೇ. ಪೂರ್ತಿ ಚಿಪ್ಸ್ ಹಾಕಿದ ಕೈಯಲ್ಲಂತೂ ಡೀಲರ್ ಎಲ್ಲರ ಎಲೆ ಓದಿ, ಪಾಟ್ (ಮಧ್ಯದ ಚಿಪ್ಸ್) ನಿಮ್ಮ ಕಡೆ ತಳ್ಳುವವರೆಗೆ ಎಲೆ ಬಿಡಬೇಡಿ. ಎದುರಿನವರು "ಫ್ಲಶ್" ಅಂದರು ಅಂತ ನಿಮ್ಮ ಎಲೆ ಎಸೆದುಬಿಟ್ಟು, ಆಮೇಲೆ ಅವರದು ಫ್ಲಶ್ ಅಲ್ಲ ಅಂತ ಗೊತ್ತಾದರೆ ಕೇಳುವವರಿಲ್ಲ. ಎಲೆ ಮೇಲ್ಮುಖವಾಗಿ ಮೇಜಿನ ಮೇಲಿದ್ದರೆ ಮಾತ್ರ ನೀವು ಬಾಯಿ ಬಿಡದಿದ್ದರೂ ಅದಕ್ಕೆ ನ್ಯಾಯ ಸಿಗುತ್ತದೆ.

ಇನ್ನು ಜೊತೆಯಲ್ಲಿ ಹೋದ ಗೆಳೆಯರ ವಿಷಯ. ಊರಿಂದ ಮೂರು ಜನ ಹೋಗಿ, ಇಬ್ಬರು ಒಂದೇ ಮೇಜಿಗೆ ಬಂದರು ಅಂದುಕೊಳ್ಳಿ. ಕೈ ನಡೆಯುವಾಗ ಅಲ್ಲಿ ಸೂಚಿಸಿದ ಭಾಷೆಯಲ್ಲಿ ಮಾತ್ರ ಮಾತಾಡಬೇಕು, ಹೆಚ್ಚಾಗಿ ಅದು ಇಂಗ್ಲಿಷ್. "ಏನೋ ಮಗಾ, ಬಿಡ್ತೀಯಾ?" ಅಂತ ಕನ್ನಡದಲ್ಲಿ ಅಂದರೂ ಎಚ್ಚರಿಕೆ ಕೊಡುತ್ತಾರೆ, ಮತ್ತೆ ಮಾಡಿದರೆ ಕೆಲವು ಕೈ ಆಡದಂತೆ ಕೂರಿಸಬಹುದು. ಒಬ್ಬರಿಗೊಬ್ಬರು ಬಿಟ್ಟುಕೊಟ್ಟು ಆಡುವುದು ಇನ್ನೂ ದೊಡ್ಡ ತಪ್ಪು. "ನಾವಿಬ್ಬರೇ ಉಳಿದಿದ್ದೇವೆ, ಸುಮ್ನೆ ಚೆಕ್ ಮಾಡೋಣ" ಅನ್ನುವುದು ಮೋಸದ ಲೆಕ್ಕಕ್ಕೇ ಬರುತ್ತದೆ. ಮೇಜಿನಲ್ಲಿ ಗೆಳೆತನ ಪಕ್ಕಕ್ಕಿಡಿ.

ಕೈಯಲ್ಲಿ ಎಲೆ ಇರುವಾಗ ಫೋನ್ ಮುಟ್ಟಬೇಡಿ. ಬಿಟ್ಟ ಎಲೆ ಏನಿತ್ತು ಅಂತ ಆಟ ಮುಗಿಯುವ ಮೊದಲು ಹೇಳಬೇಡಿ. ಸರದಿ ಬರುವ ಮೊದಲು ಎಲೆ ಬಿಸಾಡಬೇಡಿ. ದೊಡ್ಡ ಬೆಲೆಯ ಚಿಪ್ಸ್ ಹಿಂದೆ ಬಚ್ಚಿಡುವಂತಿಲ್ಲ, ಎಲ್ಲರಿಗೂ ಕಾಣುವಂತೆ ಮುಂದಿಡಿ. ಏನೇ ಗೊಂದಲವಾದರೂ ಡೀಲರ್ ಜೊತೆ ಜಗಳ ಬೇಡ, "ಫ್ಲೋರ್" ಅಂತ ಕರೆಯಿರಿ. ಮೇಜುಗಳ ಉಸ್ತುವಾರಿ ನೋಡುವವರು ಬಂದು ತೀರ್ಪು ಹೇಳುತ್ತಾರೆ.

ಹಂತ 5: ಮೊದಲ ಎರಡು ಮೂರು ಗಂಟೆ

ಉದಾಹರಣೆಗೆ 25,000 ಚಿಪ್ಸ್‌ನಿಂದ ಶುರು, ಬ್ಲೈಂಡ್ 100/200. ನಿಮ್ಮ ಹತ್ತಿರ 125 ದೊಡ್ಡ ಬ್ಲೈಂಡ್ ಇದೆ. ಚಿಪ್ಸನ್ನು ಯಾವಾಗಲೂ ಹೀಗೆ ದೊಡ್ಡ ಬ್ಲೈಂಡಿನ ಲೆಕ್ಕದಲ್ಲೇ ಎಣಿಸಿ. 25,000 ಅನ್ನುವ ಸಂಖ್ಯೆಗೆ ತನ್ನಷ್ಟಕ್ಕೆ ಅರ್ಥವಿಲ್ಲ.

ಈ ಹೊತ್ತಿನಲ್ಲಿ ಆತುರವೇ ಬೇಡ. ಮೊದಲು ಮಾತಾಡಬೇಕಾದ ಸೀಟಿನಲ್ಲಿದ್ದರೆ ಗಟ್ಟಿ ಎಲೆ ಮಾತ್ರ ಆಡಿ. ಬಟನ್ ಅಥವಾ ಅದರ ಹಿಂದಿನ ಸೀಟಿನಲ್ಲಿದ್ದರೆ ಸ್ವಲ್ಪ ಸಡಿಲ ಬಿಡಬಹುದು, ಯಾಕೆಂದರೆ ಉಳಿದವರು ಏನು ಮಾಡುತ್ತಾರೆ ಅಂತ ನೋಡಿ ಆಮೇಲೆ ನೀವು ತೀರ್ಮಾನ ಮಾಡುತ್ತೀರಿ. ಇದಕ್ಕೆ ಪೊಸಿಷನ್ ಅನ್ನುತ್ತಾರೆ. ಇಡೀ ಆಟದಲ್ಲಿ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ.

ಎಕ್ಕ ಕಂಡರೆ ಬಿಡಲಾರದವರು ನಮ್ಮಲ್ಲಿ ಬಹಳ. ಎಕ್ಕ-ಏಳು ಬೇರೆ ಬಣ್ಣದ್ದು ಹಿಡಿದು ಮೊದಲ ಸೀಟಿನಿಂದ ಆಡುತ್ತಾರೆ, ಮಧ್ಯದಲ್ಲಿ ಎಕ್ಕ ಬೀಳುತ್ತದೆ, ಖುಷಿಯಿಂದ ಚಿಪ್ಸ್ ಹಾಕುತ್ತಲೇ ಹೋಗುತ್ತಾರೆ. ಕೊನೆಗೆ ಎದುರಿನವರು ಎಕ್ಕ-ರಾಣಿ ತೋರಿಸುತ್ತಾರೆ. ಜೋಡಿ ಸಮವಾದಾಗ ಪಕ್ಕದ ಎಲೆ ದೊಡ್ಡದಿದ್ದವರು ಗೆಲ್ಲುತ್ತಾರೆ, ಅದಕ್ಕೆ ಕಿಕ್ಕರ್ ಅನ್ನುತ್ತಾರೆ. ಸಣ್ಣ ಪಾಟ್ ಗೆದ್ದು ದೊಡ್ಡ ಪಾಟ್ ಸೋಲಿಸುವ ಎಲೆ ಇದು. ಬಿಡಿ.

ಏಳು-ಏಳು ಬಂತು ಅನ್ನಿ. 500ಕ್ಕೆ ಏರಿಸಿದಿರಿ, ಒಬ್ಬರು ಕಾಲ್ ಮಾಡಿದರು. ಫ್ಲಾಪ್ ರಾಜ-ಒಂಬತ್ತು-ಮೂರು. ಜೋಡಿ ಹಿಡಿದವರಿಗೆ ಫ್ಲಾಪಿನಲ್ಲಿ ಮೂರನೆಯದು ಸಿಗುವುದು ನೂರಕ್ಕೆ ಸುಮಾರು 12 ಸಲ, ಇವತ್ತು ಸಿಗಲಿಲ್ಲ. ಒಂದು ಸಣ್ಣ ಬೆಟ್ ಹಾಕಿ ನೋಡಿ, ಅವರು ಏರಿಸಿದರೆ ಎಲೆ ಕೆಳಗಿಡಿ. "ನನ್ನದೂ ಜೋಡಿ ಅಲ್ವಾ" ಅಂತ ರಿವರ್‌ವರೆಗೆ ಎಳೆದುಕೊಂಡು ಹೋಗುವುದೇ ಮೊದಲ ಗಂಟೆಯಲ್ಲಿ ಅರ್ಧ ಚಿಪ್ಸ್ ಕರಗುವ ದಾರಿ. ಎಕ್ಕ-ರಾಜ ಕೂಡ ಹಾಗೇ. ಮೂರು ಸಲ ಆಡಿದರೆ ಸುಮಾರು ಎರಡು ಸಲ ಫ್ಲಾಪಿನಲ್ಲಿ ಎಕ್ಕವೂ ಬೀಳುವುದಿಲ್ಲ, ರಾಜನೂ ಬೀಳುವುದಿಲ್ಲ.

ಇನ್ನೊಂದು ಲೆಕ್ಕವನ್ನು ಕೂತಲ್ಲೇ ಮಾಡಲು ಕಲಿಯಬೇಕು. ಟರ್ನ್ ಬಿದ್ದಿದೆ, ನಿಮ್ಮ ಹತ್ತಿರ ನಾಲ್ಕು ಆಟೀನು, ಐದನೆಯದಕ್ಕೆ ಕಾಯುತ್ತಿದ್ದೀರಿ. ಪಾಟ್ 6,000, ಎದುರಿನವರು 3,000 ಹಾಕಿದರು. ನೀವು 3,000 ಹಾಕಿದರೆ ಒಟ್ಟು 12,000, ಅದರಲ್ಲಿ ನಿಮ್ಮ ಪಾಲು ಕಾಲು ಭಾಗ. ಹಾಗಾದರೆ ನೂರಕ್ಕೆ 25 ಸಲವಾದರೂ ಗೆದ್ದರೆ ಮಾತ್ರ ಗಿಟ್ಟುತ್ತದೆ. ಉಳಿದ 46 ಎಲೆಗಳಲ್ಲಿ ಆಟೀನು 9, ಅಂದರೆ ನೂರಕ್ಕೆ 20 ಕೂಡ ಇಲ್ಲ. ಬಿದ್ದ ಮೇಲೆ ಎದುರಿನವರಿಂದ ಇನ್ನೂ ಒಳ್ಳೆಯ ಮೊತ್ತ ಬರುತ್ತದೆ ಅನ್ನುವ ನಂಬಿಕೆ ಇದ್ದರೆ ಆಡಬಹುದು, ಇಲ್ಲದಿದ್ದರೆ ಫೋಲ್ಡ್. ಸುಲಭದ ಸೂತ್ರ: ನಿಮಗೆ ಸಹಾಯವಾಗುವ ಎಲೆಗಳನ್ನು ಎಣಿಸಿ, ಒಂದು ಎಲೆ ಬಾಕಿ ಇದ್ದರೆ ಎರಡರಿಂದ ಗುಣಿಸಿ, ಎರಡೂ ಬಾಕಿ ಇದ್ದು ಮುಂದೆ ಇನ್ನು ಬೆಟ್ ಇಲ್ಲ ಅಂತಾದರೆ ನಾಲ್ಕರಿಂದ. ಪಕ್ಕಾ ಅಲ್ಲ, ಆದರೆ ಸಾಲುತ್ತದೆ.

ಬಿಟ್ಟ ಕೈಗಳಲ್ಲಿ ಏನು ಮಾಡಬೇಕು? ನೋಡಬೇಕು. ಯಾರು ಪ್ರತಿ ಕೈಯೂ ಆಡುತ್ತಾರೆ, ಯಾರು ಗಂಟೆಗೊಂದು ಸಲ ಮಾತ್ರ ಏರಿಸುತ್ತಾರೆ, ಕೊನೆಯಲ್ಲಿ ಎಲೆ ತೋರಿಸಿದಾಗ ಯಾರ ಹತ್ತಿರ ಏನಿತ್ತು. ಬೆಳಗ್ಗೆ ನೋಡಿಟ್ಟದ್ದು ಸಂಜೆ ಕೆಲಸಕ್ಕೆ ಬರುತ್ತದೆ. ಈ ಹೊತ್ತಿನಲ್ಲಿ ಫೋನ್ ನೋಡುತ್ತಾ ಕೂರುವವರನ್ನು ಕಂಡರೆ ನನಗೆ ನಿಜವಾಗಿ ಬೇಜಾರಾಗುತ್ತದೆ, ಅಷ್ಟು ದೂರ ಬಂದು ಅಷ್ಟು ದುಡ್ಡು ಕಟ್ಟಿ ಮೇಜು ಬಿಟ್ಟಿಯಾಗಿ ಕೊಡುತ್ತಿರುವುದನ್ನೇ ತೆಗೆದುಕೊಳ್ಳುವುದಿಲ್ಲ.

ಹಂತ 6: ಮಧ್ಯಾಹ್ನದ ಮೇಲೆ

ಬ್ಲೈಂಡ್ 500/1,000 ಆಗಿದೆ. ನಿಮ್ಮ ಹತ್ತಿರ ಶುರುವಿನ 25,000 ಹಾಗೇ ಇದೆ ಅಂದರೂ ಈಗ ಅದು 25 ದೊಡ್ಡ ಬ್ಲೈಂಡ್ ಮಾತ್ರ. ನೀವು ಸೋತಿಲ್ಲ, ಆದರೆ ನಿಮ್ಮ ಚಿಪ್ಸ್ ಸಣ್ಣದಾಗಿದೆ. ಕಾಯುವುದೇ ಆಟ ಅಂದುಕೊಂಡವರು ಇಲ್ಲಿ ಮುಳುಗುತ್ತಾರೆ.

ಈಗ ಕಡ್ಡಾಯದ ಚಿಪ್ಸ್ ದೊಡ್ಡದಾಗಿರುವುದರಿಂದ ಅದನ್ನು ಗೆಲ್ಲುವುದೇ ಒಂದು ಕೆಲಸ. ನಿಮಗಿಂತ ಮೊದಲಿನವರೆಲ್ಲ ಬಿಟ್ಟಿದ್ದಾರೆ, ನೀವು ಬಟನ್‌ನಲ್ಲಿದ್ದೀರಿ, ಕೈಯಲ್ಲಿ ರಾಜ-ಒಂಬತ್ತು ಒಂದೇ ಬಣ್ಣದ್ದು ಇದೆ. ದೊಡ್ಡ ಬ್ಲೈಂಡಿನ ಎರಡು, ಎರಡೂಕಾಲು ಪಟ್ಟು ಏರಿಸಿ. ಉಳಿದ ಇಬ್ಬರೂ ಬಿಟ್ಟರೆ ಎರಡು ಬ್ಲೈಂಡ್ ಮತ್ತು ಆ್ಯಂಟಿ ಸೇರಿ ಎರಡೂವರೆ ದೊಡ್ಡ ಬ್ಲೈಂಡ್ ನಿಮ್ಮದು. ಒಂಬತ್ತು ಜನರ ಮೇಜಿನಲ್ಲಿ ಒಂದು ಸುತ್ತು ಕೂರಲು ನೀವು ಕಟ್ಟುವುದೂ ಅಷ್ಟೇ. ಸುತ್ತಿಗೆ ಒಂದು ಸಲ ಹೀಗೆ ಗೆದ್ದರೆ ಚಿಪ್ಸ್ ಇದ್ದಲ್ಲೇ ಇರುತ್ತದೆ. ಯಾರ ಬ್ಲೈಂಡ್ ಮೇಲೆ ಹೋಗಬೇಕು? ಬೆಳಗ್ಗಿನಿಂದ ಸುಲಭವಾಗಿ ಬಿಟ್ಟುಕೊಡುತ್ತಿರುವವರ ಮೇಲೆ. ಏನೇ ಬಂದರೂ ಕಾಲ್ ಮಾಡುವವರ ಮೇಲೆ ಖಾಲಿ ಎಲೆಯಲ್ಲಿ ಹೋಗಬೇಡಿ.

ಬ್ರೇಕಿನಲ್ಲಿ ಸಣ್ಣ ಚಿಪ್ಸ್ ತೆಗೆದು ದೊಡ್ಡದಕ್ಕೆ ಬದಲಾಯಿಸುತ್ತಾರೆ, ಗಾಬರಿಯಾಗಬೇಡಿ. ಬ್ರೇಕ್ ಮುಗಿಯುವ ಮೊದಲೇ ಸೀಟಿಗೆ ಬನ್ನಿ. ನೀವು ಇಲ್ಲದಿದ್ದರೂ ನಿಮಗೆ ಎಲೆ ಹಂಚುತ್ತಾರೆ, ಬ್ಲೈಂಡ್ ಕಟ್ ಆಗುತ್ತದೆ, ಆ ಎಲೆ ಮಾತ್ರ ಸತ್ತ ಎಲೆ. ಊಟ ಹಗುರವಾಗಿರಲಿ. ಹಡಗಿನಲ್ಲಿ ಕುಡಿಯಲು ಸುಲಭವಾಗಿ ಸಿಗುತ್ತದೆ, ಆಡುವ ದಿನ ಮುಟ್ಟಬೇಡಿ.

ಹಂತ 7: ಹತ್ತು ಹನ್ನೆರಡು ಬ್ಲೈಂಡ್‌ಗೆ ಇಳಿದಾಗ

ಬ್ಲೈಂಡ್ 1,000/2,000, ಆ್ಯಂಟಿ 2,000, ನಿಮ್ಮ ಹತ್ತಿರ 20,000. ಸುತ್ತಿಗೆ 5,000 ಹೋಗುತ್ತದೆ, ನಾಲ್ಕು ಸುತ್ತಿಗೆ ಖಾಲಿ. ಈಗ ಸಣ್ಣದಾಗಿ ಏರಿಸಿ ಆಮೇಲೆ ಬಿಡುವ ಆಟ ಬೇಡ. ಆಡುವುದಾದರೆ ಪೂರ್ತಿ (ಆಲ್-ಇನ್), ಇಲ್ಲದಿದ್ದರೆ ಫೋಲ್ಡ್. ಮೊದಲಿನವರು ಬಿಟ್ಟು, ನೀವು ಬಟನ್ ಅಥವಾ ಸಣ್ಣ ಬ್ಲೈಂಡ್‌ನಲ್ಲಿದ್ದರೆ ಯಾವುದೇ ಜೋಡಿ, ಯಾವುದೇ ಎಕ್ಕ, ರಾಜ-ರಾಣಿ ತರಹದ ದೊಡ್ಡ ಎಲೆಗಳಲ್ಲಿ ತಳ್ಳಿ. ಹಿಂದೆ ಬಿಡಿ ಅಂದ ಎಕ್ಕ-ಏಳು ಈಗ ಆಡುವ ಎಲೆ. ಎಲ್ಲರೂ ಬಿಟ್ಟರೆ ನಿಮ್ಮ ಚಿಪ್ಸ್ ಒಂದೇ ಏಟಿಗೆ ಕಾಲು ಭಾಗ ಹೆಚ್ಚುತ್ತದೆ. ಯಾರೋ ಮೊದಲೇ ಏರಿಸಿದ್ದರೆ ಮಾತ್ರ ಗಟ್ಟಿ ಎಲೆಗೆ ಕಾಯಿರಿ, ಯಾಕೆಂದರೆ ತಳ್ಳುವವರಿಗೆ ಗೆಲ್ಲಲು ಎರಡು ದಾರಿ ಇದೆ, ಕಾಲ್ ಮಾಡುವವರಿಗೆ ಒಂದೇ.

ಇಲ್ಲಿ ಸೋತರೆ ಬೈದುಕೊಳ್ಳಬೇಡಿ. ಎಕ್ಕದ ಜೋಡಿ ರಾಜನ ಜೋಡಿಯ ಎದುರು ಗೆಲ್ಲುವುದು ನೂರಕ್ಕೆ 82 ಸಲ, 100 ಸಲ ಅಲ್ಲ. ಎಕ್ಕ-ರಾಜ ರಾಣಿ ಜೋಡಿಯ ಎದುರು 43ರಿಂದ 46 ಸಲ. ನೂರಕ್ಕೆ 80 ಗೆಲ್ಲುವಂಥ ಸ್ಥಿತಿಯಲ್ಲೇ ಮೂರು ಸಲ ಪೂರ್ತಿ ಚಿಪ್ಸ್ ಹಾಕಿದಿರಿ ಅಂದುಕೊಳ್ಳಿ, ಮೂರೂ ಸಲ ಗೆಲ್ಲುವ ಸಾಧ್ಯತೆ ನೂರಕ್ಕೆ 51 ಅಷ್ಟೇ.

ಹಂತ 8: ಬಬಲ್

ಬಹುಮಾನ 15 ಜನರಿಗೆ, ಉಳಿದಿರುವುದು 16 ಜನ. ಇದಕ್ಕೆ ಬಬಲ್ ಅನ್ನುತ್ತಾರೆ. ಎಲ್ಲ ಮೇಜುಗಳಲ್ಲೂ ಒಂದೊಂದೇ ಕೈ ಒಟ್ಟಿಗೆ ಆಡಿಸುತ್ತಾರೆ, ಬೇಗ ಮುಗಿದ ಮೇಜಿನವರು ಕಾಯಬೇಕು.

ನಿಮ್ಮ ಹತ್ತಿರ 20 ಬ್ಲೈಂಡ್ ಇದೆ. ಬೇರೆ ಇಬ್ಬರ ಹತ್ತಿರ ಎರಡೆರಡೇ ಇದೆ. ಎಲ್ಲರಿಗಿಂತ ಜಾಸ್ತಿ ಚಿಪ್ಸ್ ಇರುವವರು ಮೊದಲ ಸೀಟಿನಿಂದ ಪೂರ್ತಿ ತಳ್ಳಿದರು, ನಿಮ್ಮ ಕೈಯಲ್ಲಿ ಎಕ್ಕ-ಗುಲಾಮ. ಬಿಡಿ. ಗೆದ್ದರೆ ಚಿಪ್ಸ್ ಎರಡರಷ್ಟಾಗುತ್ತದೆ, ಆದರೆ ನಿಮ್ಮ ಬಹುಮಾನದ ನಿರೀಕ್ಷೆ ಎರಡರಷ್ಟಾಗುವುದಿಲ್ಲ, ಸೋತರೆ ಮಾತ್ರ ಪೂರ್ತಿ ಸೊನ್ನೆ. ಚಿಪ್ಸಿಗೂ ದುಡ್ಡಿಗೂ ಇರುವ ಈ ವ್ಯತ್ಯಾಸವನ್ನು ಲೆಕ್ಕ ಹಾಕುವ ವಿಧಾನಕ್ಕೆ ಐ.ಸಿ.ಎಂ. ಅನ್ನುತ್ತಾರೆ. ದೊಡ್ಡ ರಾಶಿ ನಿಮ್ಮದೇ ಆಗಿದ್ದರೆ ಇದೇ ಹೆದರಿಕೆ ನಿಮ್ಮ ಆಯುಧ: ಮಧ್ಯಮ ಚಿಪ್ಸ್ ಇಟ್ಟುಕೊಂಡು ಉಸಿರು ಬಿಗಿಹಿಡಿದವರ ಬ್ಲೈಂಡ್ ಮೇಲೆ ಪದೇ ಪದೇ ಹೋಗಿ.

ಬಬಲ್ ಒಡೆದ ತಕ್ಷಣ ಮೇಜು ಸಡಿಲವಾಗುತ್ತದೆ. ಸಣ್ಣ ಚಿಪ್ಸ್‌ನವರು ಕಣ್ಣುಮುಚ್ಚಿ ತಳ್ಳುತ್ತಾರೆ. ನೀವು ಮಾತ್ರ "ಬಹುಮಾನ ಬಂತಲ್ಲ" ಅಂತ ಕೈಬಿಡಬೇಡಿ, ದೊಡ್ಡ ಮೊತ್ತ ಇರುವುದು ಕೊನೆಯ ಮೂರು ಜಾಗಗಳಲ್ಲಿ.

ಹಂತ 9: ದಿನ ಮುಗಿದಾಗ

ಎರಡು ದಿನದ ಟೂರ್ನಮೆಂಟ್ ಆದರೆ ರಾತ್ರಿ ನಿಮ್ಮ ಚಿಪ್ಸ್ ಎಣಿಸಿ ಚೀಲದಲ್ಲಿ ಹಾಕಿ, ಹೆಸರು ಮತ್ತು ಮೊತ್ತ ಬರೆದು ಸೀಲ್ ಮಾಡಬೇಕು. ಎರಡು ಸಲ ಎಣಿಸಿ, ಸೀಲ್ ಆಗುವುದನ್ನು ಕಣ್ಣಾರೆ ನೋಡಿ, ಅವರು ಕೊಡುವ ಪ್ರತಿಯನ್ನು ಜೋಪಾನವಾಗಿಡಿ.

ಸೋತು ಎದ್ದರೆ ನೇರ ರೂಮಿಗೆ ಹೋಗಿ. ಅದೇ ಹಡಗಿನಲ್ಲಿ ಮೇಲಕ್ಕೋ ಕೆಳಕ್ಕೋ ಇಳಿದರೆ ರೂಲೆಟ್, ಅಂದರ್ ಬಾಹರ್ ಮೇಜು ಇರುತ್ತದೆ. ಪೋಕರಿನಲ್ಲಿ ನೀವು ಇನ್ನೊಬ್ಬ ಆಟಗಾರನ ಎದುರು ಆಡುತ್ತೀರಿ, ಅಲ್ಲಿ ಕ್ಯಾಸಿನೊದವರ ಎದುರು ಆಡುತ್ತೀರಿ, ಲೆಕ್ಕ ಯಾವಾಗಲೂ ಕ್ಯಾಸಿನೊದವರ ಕಡೆಗೇ ಇರುತ್ತದೆ. ಟೂರ್ನಮೆಂಟಿನಲ್ಲಿ ಗೆದ್ದವರೂ ಅಲ್ಲಿ ಕಳೆದುಕೊಂಡು ಬರುತ್ತಾರೆ.

ಹಂತ 10: ಬಹುಮಾನ ಬಂದರೆ ತೆರಿಗೆ

ಇಸ್ಪೀಟಿನ ಗೆಲುವಿಗೆ ಆದಾಯ ತೆರಿಗೆ ನೇರ ನೂರಕ್ಕೆ 30, ಅದರ ಮೇಲೆ ಶೇಕಡಾ 4 ಸೆಸ್. ನಿಮ್ಮ ಉಳಿದ ಆದಾಯ ತೆರಿಗೆ ಮಿತಿಗಿಂತ ಕಡಿಮೆ ಇದ್ದರೂ ಇದಕ್ಕೆ ಆ ರಿಯಾಯಿತಿ ಸಿಗುವುದಿಲ್ಲ. ಗೆಲುವು 10,000 ರೂಪಾಯಿ ದಾಟಿದರೆ ಟಿ.ಡಿ.ಎಸ್. ಅಂತ ಅಲ್ಲೇ ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ, ಪ್ಯಾನ್ ಕಾರ್ಡ್ ಬೇಕು ಅಂದದ್ದು ಇದಕ್ಕೇ. ಬಸ್ಸು, ರೂಮಿನ ಖರ್ಚು, ಹಿಂದೆ ಸೋತ ಟೂರ್ನಮೆಂಟುಗಳ ಶುಲ್ಕ, ಇವನ್ನು ಗೆಲುವಿನಿಂದ ಕಳೆದು ತೋರಿಸಲು ಬರುವುದಿಲ್ಲ. ರಿಟರ್ನ್ಸ್ ಸಲ್ಲಿಸುವಾಗ ಈ ಮೊತ್ತವನ್ನು ಬೇರೆಯಾಗಿ ನಮೂದಿಸಬೇಕು, ಹಾಗಾಗಿ ದುಡ್ಡು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ, ಟಿ.ಡಿ.ಎಸ್. ಪ್ರಮಾಣಪತ್ರ ಕೇಳಿ ಪಡೆಯಿರಿ, ಎರಡನ್ನೂ ನಿಮ್ಮ ಆಡಿಟರ್ ಕೈಗೆ ಕೊಡಿ.